ತವರಿಗೆ ಬಂದ ಹಕ್ಕಿಗಳು, ಅಂಗಳದ ಹುಣಸೆಮರ

ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದ 38ನೆಯ ಸೂಕ್ತವು ನೆಲದ ಮೇಲೆ ಚಲಿಸುವ ಜೀವಿಗಳನ್ನೂ ರೆಕ್ಕೆ ಬಿಚ್ಚಿ ಹಾರುವ ಹಕ್ಕಿಗಳನ್ನೂ ಮನುಷ್ಯರಂತೆಯೇ ಸಮುದಾಯಗಳೆಂದು ಕರೆಯುತ್ತದೆ. ಅಲ್ಲಿ ಬಳಕೆಯಾಗಿರುವ ಅರಬಿ ಪದ ‘ಉಮಮ್’. ಅದು ‘ಉಮ್ಮತ್’ ಎಂಬುದರ ಬಹುವಚನ. ಯಾವ ಪದದಿಂದ ನಾವು ನಮ್ಮನ್ನು ಅಭಿಮಾನಪೂರ್ವಕವಾಗಿ ಕರೆದುಕೊಳ್ಳುತ್ತೇವೆಯೋ ಅದೇ ಪದವನ್ನು ಅಲ್ಲಾಹನು ಕೊಕ್ಕರೆಗೂ ಗುಬ್ಬಚ್ಚಿಗೂ ಕರುಣಿಸಿದ್ದಾನೆ. ಮದ್ರಸದಲ್ಲಿ ಮಕ್ಕಳಿಗೆ ಇದರ ಅರ್ಥ ಹೇಳುವುದು ಸುಲಭ. ಆದರೆ ಒಂದು ಸಮುದಾಯವು ಇನ್ನೊಂದರ ನೆರೆಯಲ್ಲಿ ಬಾಳುವಾಗ ಏನೇನನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸುವುದು ಕಷ್ಟ. ಅದನ್ನು ನಾನು ಕಂಡದ್ದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ.

ಬೇಸಿಗೆಯ ಆರಂಭದ ಒಂದು ಭಾನುವಾರ ತುರುವೇಕೆರೆಯಿಂದ ನಾವು ಏಳು ಜನ ಹೊರಟೆವು. ನನ್ನ ತಾಯಿ, ಪತ್ನಿ, ಮೂವರು ಮಕ್ಕಳು ಮತ್ತು ಪತ್ನಿಯ ತಮ್ಮ. ಅವರಿಗೆ ಚಿಕ್ಕನಾಯಕನಹಳ್ಳಿ ಕಡೆಯಲ್ಲಿ ತೆಂಗಿನ ತೋಟವಿದೆ, ಗಾಡಿಯೂ ಅವರದೇ. ಮಾಯಸಂದ್ರ ದಾಟಿ ಬೆಳ್ಳೂರು ಕ್ರಾಸ್ ಬಂದೊಡನೆ ಮಕ್ಕಳು ಊರು ಬಂದೇಬಿಟ್ಟಿತೆಂದು ಸಂಭ್ರಮಿಸಿದರು. ಅದು ನಾಗಮಂಗಲ ತಾಲ್ಲೂಕಿನ ಬೆಳ್ಳೂರು, ನಾವು ಹೋಗಬೇಕಾದದ್ದು ಹಕ್ಕಿಗಳ ಬೆಳ್ಳೂರು ಎಂದು ವಿವರಿಸಬೇಕಾಯಿತು. ನಾಗಮಂಗಲ, ಮಂಡ್ಯ, ಮದ್ದೂರು ಕಳೆದು ಬೆಂಗಳೂರು-ಮೈಸೂರು ರಸ್ತೆಯ ರುದ್ರಾಕ್ಷಿಪುರದಲ್ಲಿ ತಿರುಗಿ, ಕಬ್ಬು ರಾಗಿಗಳ ಹೊಲಗಳ ನಡುವೆ ಸುಮಾರು 12 ಕಿಲೋಮೀಟರ್ ಒಳಗೆ ಹೋದರೆ ಆ ಊರು.

ಮಕ್ಕಳು ನಿರೀಕ್ಷಿಸಿದ್ದ ಪಂಜರವಾಗಲಿ, ಬೇಲಿಯಾಗಲಿ, ದೊಡ್ಡ ದ್ವಾರವಾಗಲಿ ಅಲ್ಲಿಲ್ಲ. ಇರುವುದು ಬೀದಿ, ಮನೆ, ಜಗಲಿ, ಕೊಟ್ಟಿಗೆ. ಮನೆಗಳ ನಡುವೆ ಹಳೆಯ ಹುಣಸೆ ಮರಗಳು, ಅರಳಿ ಮರಗಳು. ಅವುಗಳ ನೆತ್ತಿಯ ಮೇಲೆ ಕಡ್ಡಿಗಳ ದೊಡ್ಡ ದೊಡ್ಡ ಗೂಡುಗಳು. ಬಣ್ಣದ ಕೊಕ್ಕರೆಗಳು ಕೊಕ್ಕು ಬಡಿಯುವ ಸದ್ದು, ಹೆಜ್ಜಾರ್ಲೆ ಮರಿಗಳ ಕೂಗು, ಕೆಳಗೆ ಹಸು ಮೆಲುಕು ಹಾಕುತ್ತಿರುವುದು, ಒಬ್ಬ ತಾಯಿ ರಾಗಿ ಕೇರುತ್ತಿರುವುದು, ಎಲ್ಲವೂ ಒಂದೇ ಅಂಗಳದಲ್ಲಿ. ಎರಡು ಸಮುದಾಯಗಳು ಒಂದೇ ಊರನ್ನು ಮೇಲೆ ಕೆಳಗೆ ಹಂಚಿಕೊಂಡಿವೆ ಎನ್ನಬೇಕು.

ಈ ಹಕ್ಕಿಗಳು ಇಲ್ಲಿಗೆ ಬರುವುದು ಗೂಡು ಕಟ್ಟಿ ಮರಿ ಮಾಡಲು. ಚಳಿಗಾಲದಲ್ಲಿ ಬರಲು ತೊಡಗಿ, ಮೊಟ್ಟೆಯಿಟ್ಟು, ಮರಿಗಳಿಗೆ ರೆಕ್ಕೆ ಬಲಿತ ಬಳಿಕ ಮುಂಗಾರಿನ ಹೊತ್ತಿಗೆ ಚದುರಿಹೋಗುತ್ತವೆ. ಕಳೆದ ಶತಮಾನದ ಆರಂಭದಲ್ಲಿ ಪ್ಲೇಗಿಗೆ ಹೆದರಿ ಊರಿನವರು ಶಿಂಷಾ ಹೊಳೆಯ ಬದಿಯ ಹಳೆಯ ಜಾಗವನ್ನು ಬಿಟ್ಟು ಈಗಿನ ಸ್ಥಳಕ್ಕೆ ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಹೊರಜಗತ್ತಿಗೆ ಈ ಊರು ಪರಿಚಯವಾದದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮೂಲಕ. ಆದರೆ ಅಷ್ಟರೊಳಗೆ ಊರಿನವರಿಗೂ ಹಕ್ಕಿಗಳಿಗೂ ತಲೆಮಾರುಗಳ ನಂಟು ಬೆಳೆದಿತ್ತು. 

ಜಗಲಿಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿಯನ್ನು ನನ್ನ ತಾಯಿ ಮಾತಿಗೆಳೆದರು. “ಮನೆ ಮುಂದೆಲ್ಲ ಹೀಗೆ ಗಲೀಜು ಮಾಡ್ತವಲ್ಲ, ಬೇಜಾರಾಗೋದಿಲ್ವಾ?” ಎಂದು ಕೇಳಿದರು. ಅಜ್ಜಿ ನಕ್ಕು, “ಹೆಣ್ಮಕ್ಕಳು ಬಾಣಂತನಕ್ಕೆ ತವರಿಗೆ ಬರಾಕಿಲ್ವಾ ತಾಯಿ? ಬಂದಾಗ ಮನೆ ಗಲೀಜಾಯ್ತದೆ ಅಂತ ಬಾಗ್ಲು ಹಾಕ್ತೀವಾ?” ಎಂದರು. ಊರಿನಲ್ಲಿ ಯಾರನ್ನು ಕೇಳಿದರೂ ಈ ಹೋಲಿಕೆಯೇ ಬರುತ್ತದೆ. ಹೆರಿಗೆಗೆ ಬಂದ ಮಗಳನ್ನು ಬರಿಗೈಲಿ ಕಳಿಸಬಾರದು, ನೋಯಿಸಬಾರದು ಎಂಬುದು ಹಳ್ಳಿಯ ನೀತಿ. ಅದೇ ನೀತಿಯನ್ನು ಅವರು ಮರದ ಮೇಲಿನವರಿಗೂ ಅನ್ವಯಿಸಿಕೊಂಡಿದ್ದಾರೆ.

ಇದನ್ನು ಬರಿಯ ಮಮತೆಯ ಮಾತೆಂದು ತಿಳಿಯಬಾರದು. ಇದಕ್ಕೆ ಬೆಲೆಯಿದೆ. ಹುಣಸೆ ಹಣ್ಣಾಗುವುದೂ ಮರದಲ್ಲಿ ಮೊಟ್ಟೆ ಮರಿಗಳಿರುವುದೂ ಒಂದೇ ಕಾಲದಲ್ಲಿ. ಹಣ್ಣು ಬೇಕೆಂದರೆ ಮರ ಹತ್ತಬೇಕು, ಗಳುವಿನಿಂದ ಕೊಂಬೆ ಬಡಿಯಬೇಕು, ಗೂಡು ಉಳಿಯುವುದಿಲ್ಲ. ಆದ್ದರಿಂದ ಗೂಡಿರುವ ಮರದ ಹುಣಸೆಯನ್ನು ಯಜಮಾನರು ಬಡಿಯದೆ ಬಿಡುತ್ತಾರೆ. ಅದಕ್ಕಾಗಿ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಪದ್ಧತಿಯಿದೆ. ಆ ಹಣ ಹುಣಸೆಯ ಬೆಲೆಗೆ, ಅದಕ್ಕಿಂತ ಹೆಚ್ಚಾಗಿ ಮರವನ್ನೇ ಮಾರಿದರೆ ಬರುವ ಬೆಲೆಗೆ ಸಮನಾದೀತೇ ಎಂಬುದು ಬೇರೆಯೇ ಪ್ರಶ್ನೆ. ಇನ್ನು ಹಿಕ್ಕೆಯನ್ನು ಅವರು ವ್ಯರ್ಥ ಮಾಡುವುದಿಲ್ಲ. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಹೂಳು ತಂದು ಹಾಕಿ, ಮೇಲಿನಿಂದ ಬಿದ್ದದ್ದು ಅದರೊಂದಿಗೆ ಬೆರೆತ ಮೇಲೆ ಹೊಲಕ್ಕೆ ಗೊಬ್ಬರವಾಗಿ ಸಾಗಿಸುತ್ತಾರೆ.

ನಡುವೆ ಸಂಕಟದ ದಿನಗಳೂ ಇದ್ದವು. ಮರಗಳು ಕಡಿಮೆಯಾದವು, ಕೆರೆಗಳು ಬತ್ತಿದವು. 1990ರ ದಶಕದಿಂದ ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳ ತಂಡವೊಂದು ಊರಿನ ಯುವಕರೊಂದಿಗೆ ಕೆಲಸ ಮಾಡತೊಡಗಿತು. ‘ಹೆಜ್ಜಾರ್ಲೆ ಬಳಗ’ ಹುಟ್ಟಿಕೊಂಡಿತು. ಗೂಡಿನಿಂದ ಜಾರಿಬಿದ್ದ ಮರಿಗಳನ್ನು ಎತ್ತಿ ತಂದು, ಒಂದು ಆವರಣದೊಳಗೆ ಮೀನು ತಿನ್ನಿಸಿ ಸಾಕಿ, ಹಾರಲು ಬಲಿತ ಮೇಲೆ ಬಿಟ್ಟುಬಿಡುವುದು ಅವರ ಮುಖ್ಯ ಕಾಯಕಗಳಲ್ಲೊಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯು ಖಾಸಗಿ ಮತ್ತು ಸಮುದಾಯದ ಭೂಮಿಯಲ್ಲಿಯೂ ‘ಸಮುದಾಯ ಮೀಸಲು’ ಘೋಷಿಸಲು ಅವಕಾಶ ಕೊಟ್ಟಿತು. ಅಂಥ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಊರಿನ ಪ್ರತಿನಿಧಿಗಳಿಗೆ ಸ್ಥಾನವಿರುತ್ತದೆ. ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗೆ ಘೋಷಣೆಯಾಯಿತು. ಜನರನ್ನು ಎಬ್ಬಿಸಿ ಹಕ್ಕಿಗಳನ್ನು ಉಳಿಸಿದ ಕಥೆ ಇದಲ್ಲ. ಜನರಿದ್ದುದರಿಂದಲೇ ಹಕ್ಕಿಗಳು ಉಳಿದ ಕಥೆ.

ಝುಹರ್ ನಮಾಝಿನ ಹೊತ್ತಾಯಿತು. ಊರಾಚೆಯ ತೆಂಗಿನ ತೋಟವೊಂದರಲ್ಲಿ ಜಾಗ ಕೇಳಿದೆವು. ವುಝೂಗೆ ನೀರು ತೋರಿಸಿದ ಮನೆಯವರು ಚಾಪೆ ಹಾಸಲು ಹೊರಟಾಗ ಕೂಗಿ ಹೇಳಿದರು: “ಆ ಮರದಡಿ ಬೇಡಿ ಸಾಬ್ರೇ, ಮೇಲೆ ಗೂಡೈತೆ!” ಎಚ್ಚರಿಕೆ ತುಸು ತಡವಾಗಿತ್ತು. ಕಿರಿಯ ಮಗನ ಭುಜದ ಮೇಲೆ ಬಿಳಿಯ ಚುಕ್ಕೆಯೊಂದು ಬಿದ್ದಾಗಿತ್ತು. ಅವನು ಗಾಬರಿಯಿಂದ, “ಅಬ್ಬಾ, ಈಗ ನಮಾಝ್ ಆಗುತ್ತದೆಯೇ?” ಎಂದ.

ಪ್ರಶ್ನೆ ಚಿಕ್ಕದಾದರೂ ಉತ್ತರ ತಿಳಿದಿರುವುದು ಒಳ್ಳೆಯದು. ಹನಫೀ ಮದ್‌ಹಬ್‌ನ ಪ್ರಕಾರ, ತಿನ್ನಲು ಅನುಮತಿಯಿರುವ ಮತ್ತು ಹಾರುತ್ತಲೇ ಹಿಕ್ಕೆ ಹಾಕುವ ಪಾರಿವಾಳ, ಗುಬ್ಬಚ್ಚಿಯಂಥ ಹಕ್ಕಿಗಳ ಹಿಕ್ಕೆ ಅಶುದ್ಧವಲ್ಲ. ತಿನ್ನಲು ಅನುಮತಿಯಿಲ್ಲದ ಹಕ್ಕಿಗಳದ್ದಾದರೆ ಅದು ಹಗುರವಾದ ಅಶುದ್ಧಿಯ ಸಾಲಿಗೆ ಸೇರುತ್ತದೆ. ಬಟ್ಟೆಯ ಆ ಭಾಗದ ಕಾಲಂಶಕ್ಕಿಂತ ಕಡಿಮೆಯಿದ್ದರೆ ನಮಾಝಿಗೆ ಅಡ್ಡಿಯಿಲ್ಲ. ಶಾಫಿಈ ಮದ್‌ಹಬ್‌ನಲ್ಲಿ ನಿಯಮ ಇನ್ನಷ್ಟು ಬಿಗಿಯಾಗಿದ್ದರೂ, ತಪ್ಪಿಸಿಕೊಳ್ಳಲು ಕಷ್ಟವಾದ ಕಡೆ ರಿಯಾಯಿತಿಯಿದೆ. ಆ ಮದ್‌ಹಬ್‌ನವರು ತಮ್ಮ ಉಸ್ತಾದರನ್ನು ಕೇಳಿ ತಿಳಿಯಬೇಕು. ಆದರೂ ನೀರಿರುವಾಗ ತೊಳೆದುಕೊಳ್ಳುವುದು ಲೇಸೆಂದು ಹೇಳಿದೆ. ಮಗ ತೊಳೆದುಕೊಂಡು ಬಂದ. ಸಲಾಮ್ ಹೇಳಿ ಮುಗಿಸಿದ ಮೇಲೆ ನನ್ನ ಹಿರಿಯ ಮಗಳು ಮೆಲ್ಲಗೆ ಕೇಳಿದಳು: “ಹಾಗಾದರೆ ನಮ್ಮ ಮಸೀದಿಯ ಹುಣಸೆಮರವನ್ನು ಯಾಕೆ ಕಡಿಯುತ್ತಾರೆ ಅಬ್ಬಾ?”

ಆ ಮರದ ವಿಷಯವನ್ನು ಇಲ್ಲಿ ಹೇಳಬೇಕು. ನಾನು ಪಾಠ ಹೇಳುವ ಮಸೀದಿಯ ಅಂಗಳದಲ್ಲಿ, ಮಸೀದಿಗಿಂತ ಹಳೆಯದಾದ ಒಂದು ಹುಣಸೆಮರವಿದೆ. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಅದರಲ್ಲಿ ಗೂಡು ಕಟ್ಟುತ್ತವೆ. ಹೌಜಿನ ನೀರಿನ ಮೇಲೂ ನಡೆಯುವ ದಾರಿಯ ಮೇಲೂ ಹಿಕ್ಕೆ ಬೀಳುತ್ತದೆ. ವಾಸನೆಯೂ ಇರುತ್ತದೆ. ವೃದ್ಧರೊಬ್ಬರು ಜಾರಿ ಬಿದ್ದದ್ದೂ ಉಂಟು. ಮಸೀದಿಯ ಮೇಲ್ಛಾವಣಿ ಸೋರುತ್ತಿದೆ. ಮರದ ವ್ಯಾಪಾರಿಯೊಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ. ಮರ ಹೋದರೆ ಗಲೀಜೂ ಹೋಗುತ್ತದೆ, ಛಾವಣಿಯೂ ಆಗುತ್ತದೆ ಎಂಬುದು ಜಮಾಅತಿನ ಹೆಚ್ಚಿನವರ ಅಭಿಪ್ರಾಯವಾಗಿತ್ತು. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಮಸೀದಿಯ ಶುಚಿತ್ವವೂ ದೀನಿನ ಭಾಗವೇ.

ಆದರೆ ದೀನಿನಲ್ಲಿ ಆ ಮರದ ಮೇಲಿನವರಿಗೂ ಒಂದು ಸ್ಥಾನವಿದೆ. ಅಬೂದಾವೂದ್ ಸಂಗ್ರಹದ ಒಂದು ಹದೀಸ್ ಹೀಗಿದೆ: ಒಂದು ಪ್ರಯಾಣದಲ್ಲಿ ಸಹಾಬಿಗಳು ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿಹಕ್ಕಿ ರೆಕ್ಕೆ ಬಡಿಯುತ್ತ ಅವರ ಮೇಲೆಯೇ ಸುಳಿದಾಡಿತು. ಪ್ರವಾದಿ(ಸ)ರವರು ಅದನ್ನು ಕಂಡು, ಮರಿಗಳ ವಿಷಯದಲ್ಲಿ ಈ ಹಕ್ಕಿಯನ್ನು ನೋಯಿಸಿದವರು ಯಾರೆಂದು ವಿಚಾರಿಸಿ, ಮರಿಗಳನ್ನು ಮರಳಿಸುವಂತೆ ಆಜ್ಞಾಪಿಸಿದರು. ಒಂದು ಹಕ್ಕಿಯ ಫಿರ್ಯಾದು ಅಲ್ಲಿ ದಾಖಲಾಯಿತು, ತೀರ್ಪೂ ಆಯಿತು. ಅದೇ ಸಂಗ್ರಹದಲ್ಲಿ ‘ಸಿದ್ರ್’ ಮರ, ಅಂದರೆ ಬೋರೆಯ ಜಾತಿಯ ಮರ ಕಡಿಯುವವರಿಗೆ ಕಠಿಣ ಎಚ್ಚರಿಕೆಯ ಹದೀಸ್ ಇದೆ. ದಾರಿಹೋಕರಿಗೂ ಪ್ರಾಣಿಗಳಿಗೂ ನೆರಳಾಗಿರುವ ಮರವನ್ನು ಅನ್ಯಾಯವಾಗಿ ಕಡಿಯುವವರಿಗೆ ಅದು ಅನ್ವಯಿಸುತ್ತದೆಂದು ಇಮಾಮ್ ಅಬೂದಾವೂದ್‌ರೇ ವಿವರಿಸಿದ್ದಾರೆ. ಮುಸ್ಲಿಮನು ನೆಟ್ಟದ್ದರಿಂದ ಹಕ್ಕಿ ತಿಂದರೂ ಅದು ಅವನ ಸದಕಾ ಆಗುತ್ತದೆ ಎಂಬ ಬುಖಾರಿ, ಮುಸ್ಲಿಮ್ ಗ್ರಂಥಗಳ ಹದೀಸ್ ಅನ್ನು ನಾವೆಲ್ಲ ಕೇಳಿದ್ದೇವೆ. ಏಳುನೂರು ವರ್ಷಗಳಿಗೂ ಹಿಂದೆ ಇಮಾಮ್ ಇಝ್ಝುದ್ದೀನ್ ಇಬ್ನ್ ಅಬ್ದಿಸ್ಸಲಾಮ್‌ರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿ ಮಾಡಿದರು. ಸಾಕಿದ ಪ್ರಾಣಿ ಮುದಿಯಾಗಿ, ರೋಗಿಯಾಗಿ, ಯಾವ ಪ್ರಯೋಜನಕ್ಕೂ ಬಾರದಿದ್ದರೂ ಅದಕ್ಕೆ ಮೇವು ಕೊಡಬೇಕೆಂಬುದು ಅದರಲ್ಲಿ ಸೇರಿದೆ. ಪ್ರಯೋಜನವಿಲ್ಲದಿದ್ದರೂ ಎಂಬ ಮಾತೇ ಮುಖ್ಯ. ಪ್ರಯೋಜನವಿರುವಲ್ಲಿ ತೋರುವ ದಯೆ ವ್ಯಾಪಾರವೂ ಆಗಿರಬಹುದು. ನಷ್ಟವಿರುವಲ್ಲಿ ತೋರುವ ದಯೆಯೇ ಹಕ್ಕನ್ನು ಒಪ್ಪಿಕೊಂಡದ್ದಕ್ಕೆ ಸಾಕ್ಷಿ. 

ನನ್ನ ಭಾವಮೈದುನನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. “ದುಲ್ಹಾಭಾಯಿ, ಮೀನು ತಿನ್ನುವ ಹಕ್ಕಿಯನ್ನು ಪ್ರೀತಿಸುವುದು ಸುಲಭ. ನನ್ನ ತೋಟದ ಕೋತಿಗಳನ್ನು ಪ್ರೀತಿಸಿ ನೋಡಿ” ಎಂದರು. ತೆಂಗಿನ ಸೀಮೆಯ ಯಾರಿಗೂ ಈ ಮಾತು ಅರ್ಥವಾಗುತ್ತದೆ. ಕಾಯಿ ಕಿತ್ತು, ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಿ ಗಿಟಕಾಡುವ ತನಕ ಸುಮಾರು ಒಂದು ವರ್ಷ ಕಾಯುವ ನಾವು, ಹೀಚಿನಲ್ಲೇ ಕಿತ್ತೆಸೆದ ಪ್ರತಿ ಕಾಯಿಯನ್ನೂ ಲೆಕ್ಕ ಹಾಕುತ್ತೇವೆ. ಹಂದಿ ನೆಲ ಅಗೆಯುತ್ತದೆ. ಚಿರತೆಯ ಭಯಕ್ಕೆ ಕತ್ತಲಾದ ಮೇಲೆ ತೋಟಕ್ಕೆ ಹೋಗಲಾಗುವುದಿಲ್ಲ.

ಶರೀಅತ್ ಈ ಕಷ್ಟವನ್ನು ಕಾಣದೆ ಮಾತಾಡುವುದಿಲ್ಲ. ಹಾನಿ ಮಾಡುವ ಪ್ರಾಣಿಯಿಂದ ಪ್ರಾಣ, ಸೊತ್ತುಗಳನ್ನು ಕಾಪಾಡಿಕೊಳ್ಳಲು ಅದು ಅನುಮತಿಸುತ್ತದೆ. ಆದರೆ ಕಾಪಾಡಿಕೊಳ್ಳುವುದಕ್ಕೂ ಹಿಂಸಿಸುವುದಕ್ಕೂ ಗೆರೆ ಎಳೆಯುತ್ತದೆ. ಜೀವವಿರುವುದನ್ನು ಗುರಿಯಾಗಿ ನಿಲ್ಲಿಸಿ ಹೊಡೆಯುವುದನ್ನೂ, ಬೆಂಕಿಯಿಂದ ಸುಡುವುದನ್ನೂ ಪ್ರವಾದಿ(ಸ)ರವರು ನಿಷೇಧಿಸಿದ್ದಾರೆ. ಹಣ್ಣಿನಲ್ಲಿ ಸಿಡಿಮದ್ದು ಅಡಗಿಸಿಡುವುದು, ವಿಷ ಬೆರೆಸುವುದು, ಬೇಲಿಗೆ ಕರೆಂಟು ಹರಿಸುವುದು ಕಾನೂನಿನಲ್ಲಿಯೂ ಅಪರಾಧ, ದೀನಿನಲ್ಲಿಯೂ ಅಪರಾಧ. ಆ ತಂತಿ ಕೋತಿಯನ್ನೂ ಕೂಲಿಯಾಳನ್ನೂ ಬೇರೆ ಮಾಡಿ ನೋಡುವುದಿಲ್ಲ. ಇನ್ನೊಂದು ಮಾತನ್ನೂ ನಾನು ಅವರಿಗೆ ಹೇಳಿದೆ. ತೋಟಕ್ಕೆ ಆಗುವುದು ಹಾನಿ. ಅಂಗಳಕ್ಕೆ ಆಗುವುದು ತೊಂದರೆ. ಹಾನಿಯನ್ನು ತಡೆಯಲು ಅಪ್ಪಣೆಯಿದೆ ಎಂಬುದನ್ನೇ ಹಿಡಿದು, ತೊಂದರೆಯನ್ನೂ ಹಾನಿಯೆಂದು ಕರೆಯಬಾರದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಸರಿ” ಎಂದರು.

ಮಧ್ಯಾಹ್ನದ ಬಿಸಿಲು ಏರಿದಾಗ ಗೂಡಿನಲ್ಲಿ ನಿಂತ ಬಣ್ಣದ ಕೊಕ್ಕರೆಯೊಂದು ಎರಡೂ ರೆಕ್ಕೆಗಳನ್ನು ಕೊಡೆಯಂತೆ ಅಗಲಿಸಿ ಮರಿಗಳಿಗೆ ನೆರಳು ಹಿಡಿಯಿತು. ಕಿರಿಯ ಮಗ ಎಣಿಸುತ್ತ ನಿಂತ. ಹತ್ತು ನಿಮಿಷ ಕಳೆದರೂ ಅದು ರೆಕ್ಕೆ ಮಡಿಸಲಿಲ್ಲ. ಅಲ್ಲಾಹನು ತನ್ನ ಕಾರುಣ್ಯವನ್ನು ನೂರು ಭಾಗ ಮಾಡಿ, ಒಂದನ್ನು ಮಾತ್ರ ಭೂಮಿಗೆ ಇಳಿಸಿದನು. ಮರಿಗೆ ತುಳಿತವಾದೀತೆಂದು ತಾಯಿ ಪ್ರಾಣಿ ತನ್ನ ಗೊರಸನ್ನು ಎತ್ತಿಕೊಳ್ಳುವುದೂ ಆ ಒಂದು ಭಾಗದಿಂದಲೇ ಎಂಬ ಹದೀಸಿನ ಸಾರವನ್ನು ನಾನು ಎಷ್ಟೋ ಬಾರಿ ಪಾಠ ಮಾಡಿದ್ದೇನೆ. ಆ ದಿನ ಪಾಠ ಮಾಡುವ ಅಗತ್ಯವಿರಲಿಲ್ಲ. ನನ್ನ ತಾಯಿ ಮೇಲೆ ನೋಡುತ್ತ ‘ಸುಬ್‌ಹಾನಲ್ಲಾಹ್’ ಎಂದರು, ಅಷ್ಟೇ.

ಈ ಹಕ್ಕಿಗಳ ಅನ್ನ ಆ ಊರಿನಲ್ಲಷ್ಟೇ ಇಲ್ಲ. ಮೀನಿಗಾಗಿ ಅವು ಸುತ್ತಲಿನ ಕೆರೆಗಳಿಗೂ ಶಿಂಷಾ ಹೊಳೆಗೂ ಹಾರುತ್ತವೆ. 2017ರ ಕೊನೆಯಲ್ಲಿ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸಾಯತೊಡಗಿ, ಪರೀಕ್ಷಿಸಿದಾಗ ಒಡಲಲ್ಲಿ ಜಂತುಹುಳುಗಳು ಕಂಡುಬಂದವು. ಊರು ಎಷ್ಟೇ ಪ್ರೀತಿಯಿಂದ ಮರ ಕಾದರೂ, ನೀರು ಕೆಟ್ಟರೆ ಹಕ್ಕಿಗೆ ಉಳಿಗಾಲವಿಲ್ಲ. ಆ ನೀರಿನಲ್ಲಿ ನಮ್ಮ ಪಾಲೂ ಇದೆ. ಶಿಂಷಾ ಹುಟ್ಟುವುದು ನಮ್ಮದೇ ತುಮಕೂರು ಜಿಲ್ಲೆಯಲ್ಲಿ. ಕಡಬದ ಕೆರೆ, ಮಾರ್ಕೋನಹಳ್ಳಿ ಜಲಾಶಯಗಳನ್ನು ದಾಟಿ ಅದು ಮದ್ದೂರಿನತ್ತ ಹರಿಯುತ್ತದೆ. ನಾವು ಮೇಲಿನವರು, ಅವರು ಕೆಳಗಿನವರು. ಮದೀನಾದ ಹಳ್ಳದ ನೀರಿನ ವ್ಯಾಜ್ಯದಲ್ಲಿ, ಮೇಲಿನ ಹೊಲದವರು ಪಾದದ ಗಂಟಿನಷ್ಟು ನೀರು ನಿಲ್ಲಿಸಿಕೊಂಡು ಉಳಿದದ್ದನ್ನು ಕೆಳಗಿನವರಿಗೆ ಬಿಡಬೇಕೆಂದು ಪ್ರವಾದಿ(ಸ)ರವರು ತೀರ್ಪಿತ್ತಿದ್ದರು. ನಮ್ಮ ಹಳ್ಳಕ್ಕೆ ಕಸ ಸುರಿಯುವಾಗ ಕೆಳಗಿನ ಈ ನೆರೆಯವರನ್ನೂ ನೆನೆಯಬೇಕಾಗಿದೆ.

ಮುಂದಿನ ವಾರ ಇಶಾ ನಮಾಝಿನ ಬಳಿಕ ಜಮಾಅತಿನ ಸಭೆ ಸೇರಿತು. ನಾನು ಕಂಡದ್ದನ್ನು ಹೇಳಿದೆ, ಫಿಖ್ಹ್‌ನ ಮಾತನ್ನೂ ಹೇಳಿದೆ. ಹತ್ತು ಮೊಳಕ್ಕೆ ಹತ್ತು ಮೊಳದಷ್ಟು ದೊಡ್ಡ ಹೌಜಿನ ನೀರು, ಬಣ್ಣ ರುಚಿ ವಾಸನೆ ಕೆಡದ ತನಕ ಶುದ್ಧವೇ. ಆದರೂ ಮೇಲೆ ತಗಡು ಹೊದಿಸಿದರೆ ಯಾರಿಗೂ ಸಂಕೋಚವಿರದು. ಜಾರುವ ದಾರಿಯನ್ನು ಮರದಿಂದ ಆಚೆ ಸರಿಸಬಹುದು. ಗುಡಿಸಿದ ಹಿಕ್ಕೆ ಮಸೀದಿಯ ತೆಂಗಿನಮರಗಳ ಬುಡಕ್ಕೆ ಹೋಗಲಿ. ಮರ ಕಡಿಯುವುದು ಹರಾಮ್ ಎಂದು ನಾನು ಹೇಳಲಿಲ್ಲ, ಹೇಳುವಂತೆಯೂ ಇಲ್ಲ. ಅಗತ್ಯ ಬಿದ್ದರೆ ಅನುಮತಿಯಿದೆ. ಅಗತ್ಯ ನಿಜವಾಗಿಯೂ ಬಿದ್ದಿದೆಯೇ ಎಂಬುದಷ್ಟೇ ಪ್ರಶ್ನೆ.

ಒಬ್ಬರು, ಛಾವಣಿಗೆ ಹಣ ಕೊಕ್ಕರೆ ಕೊಡುತ್ತದೆಯೇ ಎಂದು ಕೇಳಿದರು. ಕೆಲವರು ನಕ್ಕರು. ನ್ಯಾಯವಾದ ಪ್ರಶ್ನೆಯೇ. ಜಾರಿಬಿದ್ದಿದ್ದ ಆ ವೃದ್ಧರೇ ಎದ್ದು ನಿಂತು, ದಾರಿ ಸರಿಸಿದರೆ ತನಗೆ ಸಾಕು, ತನ್ನ ಹೆಸರಿನಲ್ಲಿ ಮರ ಬೀಳುವುದು ಬೇಡ ಎಂದು ತಗಡಿಗೆ ಮೊದಲ ಚಂದಾ ಬರೆಸಿದರು. ಕೊನೆಗೆ ಮುತವಲ್ಲಿ ಸಾಹೇಬರು, ಈ ಮಳೆಗಾಲ ಮುಗಿದು ಮರಿಗಳು ಹಾರುವ ತನಕ ಕೊಡಲಿ ಹಾಕುವುದು ಬೇಡ, ಆಮೇಲೆ ಮತ್ತೆ ಕೂಡಿ ನೋಡೋಣ ಎಂದರು. ಛಾವಣಿಯ ಹಣ ಇನ್ನೂ ಪೂರ್ತಿಯಾಗಿಲ್ಲ. ಎಲ್ಲರೂ ಸಮಾಧಾನಗೊಂಡರೆಂದೂ ಹೇಳಲಾರೆ. ಒಂದು ಮಳೆಗಾಲದ ಗಡುವು ಮಾತ್ರ ಆ ಹಕ್ಕಿಗಳಿಗೆ ಸಿಕ್ಕಿದೆ.

ಪ್ರಿಯ ಓದುಗರೇ, ಮಕ್ಕಳನ್ನು ಕರೆದುಕೊಂಡು ಇಂಥ ಊರುಗಳಿಗೆ ಹೋಗಿರಿ. ಮದ್ದೂರು ದೂರವಾದರೆ ನಮ್ಮದೇ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡು ಇದೆ. ಅಲ್ಲಿಯೂ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ, ಊರಿನವರು ಕಾಯುತ್ತಾರೆ. ಹೋದಾಗ ಗದ್ದಲ ಮಾಡದಿರಿ, ಗೂಡಿನತ್ತ ಕಲ್ಲು ಬೀರಗೊಡದಿರಿ, ಪ್ಲಾಸ್ಟಿಕ್ ಬಿಟ್ಟು ಬಾರದಿರಿ. ಅಲ್ಲಿನ ಹಿರಿಯರೊಂದಿಗೆ ಒಂದು ಗಳಿಗೆ ಕುಳಿತು ಮಾತಾಡಿರಿ. ಮನೆಗೆ ಮರಳಿದ ಮೇಲೆ ನಿಮ್ಮ ಅಂಗಳ, ತೋಟ, ಖಬರಸ್ಥಾನದ ಮರಗಳನ್ನೊಮ್ಮೆ ತಲೆಯೆತ್ತಿ ನೋಡಿರಿ. ಅಲ್ಲಿ ಯಾವ ಉಮ್ಮತ್ ನೆಲೆಸಿದೆ, ಅದಕ್ಕೆ ನಾವು ಕೊಡಬೇಕಾದ ಹಕ್ಕು ಏನು ಎಂದು ಮಕ್ಕಳೊಂದಿಗೆ ವಿಚಾರ ಮಾಡಿರಿ.

ನೆಲದ ಮೇಲಿರುವವರಿಗೆ ಕರುಣೆ ತೋರಿದವರ ಮೇಲೆ ಕರುಣೆ ತೋರುವುದಾಗಿ ವಾಗ್ದಾನವಿತ್ತಿರುವ ಅಲ್ಲಾಹನು, ನಷ್ಟವನ್ನು ಸಹಿಸಿಯಾದರೂ ನೆರೆಯ ಜೀವಗಳ ಹಕ್ಕನ್ನು ಸಲ್ಲಿಸುವ ಸೌಭಾಗ್ಯವನ್ನು ನಮಗೂ ನಮ್ಮ ಸಂತಾನಕ್ಕೂ ಅನುಗ್ರಹಿಸಲಿ. ಆಮೀನ್.